ದೊಡ್ಡಪ್ಪನ ಮೂರು ಫೈಲುಗಳು

ನನ್ನ ದೊಡ್ಡಪ್ಪ ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂವರೆಗೇ ಮನೆಯಿಂದ ಹೊರಡುತ್ತಿದ್ದರು. ಕಡಬದ ಹತ್ತಿರದ ನಮ್ಮ ಊರಿನಿಂದ ಆಲಂಕಾರು, ಅಲ್ಲಿಂದ ಶಾಂತಿಮೊಗರಿನ ಸೇತುವೆಯಲ್ಲಿ ಕುಮಾರಧಾರೆಯನ್ನು ದಾಟಿ ಸವಣೂರು, ಆಮೇಲೆ ಪುತ್ತೂರು. ಅಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಊರಿಗೆ ಹೋದಾಗಲೆಲ್ಲ ನಾನು ಜೊತೆಗೆ ಹೋಗುತ್ತಿದ್ದೆ. ಅವರ ಕೈಚೀಲದಲ್ಲಿ ಯಾವಾಗಲೂ ಮೂರು ಫೈಲುಗಳಿರುತ್ತಿದ್ದವು. ಶುಗರಿನದ್ದು ಪುತ್ತೂರಿನ ಒಬ್ಬ ಡಾಕ್ಟರದ್ದು, ಬಿಪಿಯದ್ದು ಸುಳ್ಯದ ಇನ್ನೊಬ್ಬರದ್ದು, ಕಿಡ್ನಿಯದ್ದು ಮಂಗಳೂರಿನದ್ದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಅವರ ಹೊಟ್ಟೆಗಂತೂ ಫೈಲೇ ಇರಲಿಲ್ಲ. ನಲವತ್ತು ದಾಟಿದ ಮೇಲೆ ಬಂದ ಆ ಹೊಟ್ಟೆಯನ್ನು ಮನೆಯವರು, ನೆಂಟರು ಎಲ್ಲರೂ 'ಈಗ ಸ್ವಲ್ಪ ಮೈ ತುಂಬಿಕೊಂಡಿದ್ದಾರೆ' ಎಂದು ಸಂತೋಷದಿಂದಲೇ ಹೇಳುತ್ತಿದ್ದುದು ನನಗೆ ನೆನಪಿದೆ.

ಒಂದು ದಿನ ಮಂಗಳೂರಿನಲ್ಲಿ ಕಿಡ್ನಿಯ ಡಾಕ್ಟರು ಮೂರು ಫೈಲುಗಳನ್ನೂ ಮೇಜಿನ ಮೇಲೆ ಹರಡಿ ನೋಡಿ, "ಇದು ಮೂರು ಕಾಯಿಲೆ ಅಲ್ಲ, ಹೆಚ್ಚುಕಡಿಮೆ ಒಂದೇ" ಎಂದರು. ಮರಳಿ ಬರುವಾಗ ಕಾರಿನಲ್ಲಿ ದೊಡ್ಡಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಉಪ್ಪಿನಂಗಡಿ ಬಂದಾಗ ಕೇಳಿದರು: "ಎಲ್ಲ ಒಂದೇ ಅಂತ ಇವರಿಗೆ ಯಾವಾಗ ಗೊತ್ತಾದ್ದು ಮಾರಾಯ? ಮೊದಲೇ ಗೊತ್ತಿದ್ದರೆ ನನಗೆ ಯಾಕೆ ಯಾರೂ ಹೇಳಲಿಲ್ಲ?"

ನನ್ನ ಓದು ಇತಿಹಾಸದ್ದು, ವೈದ್ಯಕೀಯದ್ದಲ್ಲ. ಆದರೆ 'ಯಾವಾಗ ಗೊತ್ತಾದ್ದು' ಎನ್ನುವುದು ಇತಿಹಾಸದ ಪ್ರಶ್ನೆಯೇ. ಅವರಿಗೆ ಉತ್ತರ ಕೊಡಲೆಂದು ಓದಲು ಶುರು ಮಾಡಿದೆ. ಸಿಕ್ಕಿದ್ದನ್ನು ಡಯಾಲಿಸಿಸ್ ದಿನಗಳಲ್ಲಿ ಅವರ ಮಂಚದ ಪಕ್ಕ ಕುಳಿತು ಹೇಳುತ್ತಿದ್ದೆ. ಈ ಬರಹ ಅದರದೇ ಸಾರ.

ಮಧುಮೇಹ ಎಂಬ ಹೆಸರು ಬಂದದ್ದೇ ಮೂತ್ರದಿಂದ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ಸುಶ್ರುತ ಸಂಹಿತೆ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಆಹಾರ ವಿಹಾರಗಳ ತಪ್ಪಿನಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯವನು ತೆಳ್ಳಗಿರುತ್ತಾನೆ, ಎರಡನೆಯವನು ದಪ್ಪಗಿದ್ದು ಹೆಚ್ಚು ತಿನ್ನುವವ, ಕೂತಲ್ಲೇ ಇರುವವ. ಚಿಕಿತ್ಸೆಯ ಭಾಗದಲ್ಲಿ ಬರುವ ಸಲಹೆ ದೊಡ್ಡಪ್ಪನಿಗೆ ತುಂಬಾ ಇಷ್ಟವಾಯಿತು. ಹಣವಿಲ್ಲದ ರೋಗಿ ಚಪ್ಪಲಿ, ಕೊಡೆ ಇಲ್ಲದೆ ಭಿಕ್ಷೆಯುಣ್ಣುತ್ತಾ ನೂರು ಯೋಜನ ನಡೆಯಬೇಕು. ಹಸುಗಳ ಹಿಂದೆ ತಿರುಗಬೇಕು, ಹೊಲ ಉಳಬೇಕು, ಬಾವಿ ತೋಡಬೇಕು. "ನನ್ನ ಅಪ್ಪ ಇದನ್ನೆಲ್ಲ ಸಂಬಳ ಇಲ್ಲದೆ ಮಾಡುತ್ತಿದ್ದರು" ಎಂದರು ದೊಡ್ಡಪ್ಪ.

ಯುರೋಪಿನಲ್ಲೂ ಕಥೆ ಮೂತ್ರದಿಂದಲೇ ಆರಂಭವಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅದರ ಸಿಹಿಯ ಬಗ್ಗೆ ಬರೆದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಕಾಯಿಸಿ ಆರಿಸಿ, ಉಳಿದ ಗಟ್ಟಿ ಸಕ್ಕರೆಯೇ ಎಂದು ತೋರಿಸಿದ. ಮೂತ್ರದಲ್ಲಿ ಸಕ್ಕರೆಯಿದ್ದರೆ ಅದು ಮೂತ್ರಪಿಂಡದ ರೋಗವೇ ಇರಬೇಕೆಂದು ಊಹಿಸುವುದು ಸುಲಭವಿತ್ತು. ಡಾಬ್ಸನ್ ರಕ್ತದಲ್ಲೂ ಸಿಹಿಯಿರುವುದನ್ನು ಕಂಡು, ತೊಂದರೆ ಇಡೀ ದೇಹದ್ದು ಎಂದ. ಅಲ್ಲಿಂದ ಮುಂದೆ ಮಧುಮೇಹ ಮತ್ತು ಮೂತ್ರಪಿಂಡ ಬೇರೆ ಬೇರೆ ದಾರಿ ಹಿಡಿದವು. ಮತ್ತೆ ಒಂದೆಡೆ ಸೇರಲು 160 ವರ್ಷ ಬೇಕಾಯಿತು.

ಮೂತ್ರಪಿಂಡದ ದಾರಿಯಲ್ಲಿ ಮೊದಲು ಸಿಗುವವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಮೈ ಬಾತು ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಹಿಡಿದರೆ ಕೆಲವರದ್ದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು. ಹಾಗಾದವರು ಸತ್ತ ಮೇಲೆ ದೇಹ ಬಗೆದು ನೋಡಿದರೆ ಮೂತ್ರಪಿಂಡ ಕೆಟ್ಟಿರುತ್ತಿತ್ತು. ಇದನ್ನು ಅವನು 1827ರಲ್ಲಿ ಪ್ರಕಟಿಸಿದ. 1836ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ, ಇಂಥವರಲ್ಲಿ ಅನೇಕರ ಹೃದಯ ದಪ್ಪವಾಗಿರುವುದನ್ನು ದಾಖಲಿಸಿದ. ಹೃದಯದ ಕವಾಟ ಸರಿಯಾಗಿಯೇ ಇದ್ದರೂ ಅದು ಏನೋ ಒತ್ತಡದ ಎದುರು ದುಡಿದಂತೆ ಕಾಣುತ್ತಿತ್ತು. ಮೂತ್ರಪಿಂಡ ಕೆಟ್ಟು ರಕ್ತ ಹಾಳಾಗಿ ಹೃದಯಕ್ಕೆ ಶ್ರಮ ಬೀಳುತ್ತದೆ ಎಂದು ಅವನು ಭಾವಿಸಿದ. ಆಗ ರಕ್ತದೊತ್ತಡ ಅಳೆಯುವ ಉಪಕರಣವೇ ಇರಲಿಲ್ಲ.

ಅದೇ ಗೈಸ್ ಆಸ್ಪತ್ರೆಯಲ್ಲಿ ನಲವತ್ತು ವರ್ಷಗಳ ನಂತರ ಈ ಕಥೆಯನ್ನು ತಿರುಗಿಸಿದವನ ಬಗ್ಗೆ ಓದಿದಾಗ ನನಗೆ ಆಶ್ಚರ್ಯವಾಯಿತು. ಅವನ ಹೆಸರು ಫ್ರೆಡರಿಕ್ ಅಕ್ಬರ್ ಮಹಮದ್. ಅವನ ಅಜ್ಜ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್. ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯ ಆತನೇ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲ್ ತೆರೆದವನೂ ಆತನೇ. 1849ರಲ್ಲಿ ಹುಟ್ಟಿದ ಮೊಮ್ಮಗ ವಿದ್ಯಾರ್ಥಿಯಾಗಿದ್ದಾಗಲೇ ನಾಡಿಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಯಂತ್ರವನ್ನು ಸುಧಾರಿಸಿದ. ಅದನ್ನು ರೋಗಿಗಳ ಮಣಿಕಟ್ಟಿಗೆ ಕಟ್ಟಿ ನೋಡುತ್ತಾ ಹೋದ. ಮೂತ್ರದಲ್ಲಿ ಪ್ರೋಟೀನು ಕಾಣಿಸುವ ಮೊದಲೇ ಕೆಲವರ ನಾಡಿ ಬಿಗಿಯಾಗಿರುತ್ತಿತ್ತು. ಮೂತ್ರಪಿಂಡ ಕೆಟ್ಟ ಲಕ್ಷಣವೇ ಇಲ್ಲದ, ಆರೋಗ್ಯವಂತರಂತೆ ಓಡಾಡುವ ಜನರಲ್ಲೂ ಅಂಥ ನಾಡಿ ಸಿಕ್ಕಿತು. ಅಂದರೆ ಒತ್ತಡ ಮೊದಲು, ಮೂತ್ರಪಿಂಡದ ಹಾನಿ ಆಮೇಲೆ ಎಂಬ ಕ್ರಮವೂ ಸಾಧ್ಯ. 1874ರಲ್ಲಿ ಅವನು ಇದನ್ನು ಪ್ರಕಟಿಸಿದ. ಹತ್ತೇ ವರ್ಷಗಳಲ್ಲಿ, 35ನೇ ವಯಸ್ಸಿಗೆ ಟೈಫಾಯ್ಡಿನಿಂದ ತೀರಿಕೊಂಡ. ಅವನ ಹೆಸರನ್ನು ವೈದ್ಯಲೋಕ ಬಹುಕಾಲ ಮರೆತಿತ್ತು.

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ವಿಧಾನವನ್ನು ಇಟಲಿಯ ರಿವಾ ರೊಚ್ಚಿ 1896ರಲ್ಲಿ ತಂದ. ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಎರಡು ಅಂಕಿ ಓದುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಸೇರಿಸಿದ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಸ್ವಲ್ಪ ಬಿಗಿದು ನೋಡಿದ. ರಕ್ತದೊತ್ತಡ ಏರಿತು. ಹಾಗಾಗಿ ಬ್ರೈಟ್ ಹೇಳಿದ್ದೂ ಸರಿ, ಮಹಮದ್ ಹೇಳಿದ್ದೂ ಸರಿ. ಒತ್ತಡ ಮೂತ್ರಪಿಂಡವನ್ನು ಕೆಡಿಸುತ್ತದೆ, ಕೆಟ್ಟ ಮೂತ್ರಪಿಂಡ ಒತ್ತಡವನ್ನು ಏರಿಸುತ್ತದೆ. ರಕ್ತ ಕಡಿಮೆ ಬರುತ್ತಿದೆ ಎಂದು ತಿಳಿದು ಅದು ರೆನಿನ್ ಎಂಬ ವಸ್ತುವನ್ನು ಹೆಚ್ಚು ಬಿಡುತ್ತದೆ. ಅದರಿಂದ ನಾಳಗಳು ಬಿಗಿಯುತ್ತವೆ, ಉಪ್ಪು ದೇಹದಲ್ಲೇ ಉಳಿಯುತ್ತದೆ.

ಮಧುಮೇಹದ ದಾರಿಯಲ್ಲಿ ದೊಡ್ಡ ತಿರುವು ಬಂದದ್ದು 1921ರಲ್ಲಿ, ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಾಗ. ಅದಕ್ಕೆ ಮೊದಲು ಚಿಕ್ಕವರಲ್ಲಿ ಬರುವ ಮಧುಮೇಹ ಹೆಚ್ಚಾಗಿ ಒಂದೆರಡು ವರ್ಷಗಳಲ್ಲೇ ಜೀವ ತೆಗೆಯುತ್ತಿತ್ತು. ಇನ್ಸುಲಿನ್ ಬಂದ ಮೇಲೆ ಜನ ಬದುಕತೊಡಗಿದರು. ಬಹಳ ವರ್ಷ ಬದುಕಿದ್ದರಿಂದಲೇ ಕಣ್ಣು, ನರ, ಮೂತ್ರಪಿಂಡಗಳ ಹಾನಿ ಎದ್ದು ಕಾಣಿಸತೊಡಗಿತು. 1936ರಲ್ಲಿ ಬಾಸ್ಟನ್ನಿನ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಎಂಬ ಇಬ್ಬರು, ಎಂಟು ಶವಗಳ ಮೂತ್ರಪಿಂಡದ ಸೋಸುಗಂಟುಗಳಲ್ಲಿ ಒಂದೇ ಬಗೆಯ ಗಡ್ಡೆಗಳನ್ನು ಕಂಡರು. ಅವರಲ್ಲಿ ಹೆಚ್ಚಿನವರಿಗೆ ಮಧುಮೇಹವಿತ್ತು, ರಕ್ತದೊತ್ತಡವಿತ್ತು, ಕಾಲು ಬಾತಿತ್ತು, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಡಾಬ್ಸನ್ನನ ದಾರಿಯೂ ಬ್ರೈಟನ ದಾರಿಯೂ ಕೂಡಿದ್ದು ಅಲ್ಲಿ. ಆ ಲೇಖನದ ವಿವರ ಹೇಳಿದಾಗ ದೊಡ್ಡಪ್ಪ, "ಅದು ನನ್ನದೇ ಫೈಲು" ಎಂದರು. ಅವರು ಆಗಿನ್ನೂ ಹುಟ್ಟಿರಲಿಲ್ಲ.

ಇದು ಹೇಗೆ ನಡೆಯುತ್ತದೆ ಎನ್ನುವುದನ್ನು ನಾನು ಅವರಿಗೆ ತೋಟದ ಸ್ಪ್ರಿಂಕ್ಲರಿನ ಮೂಲಕ ಹೇಳಿದೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹ ವಾಪಸು ಹೀರಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಸೋಸುಗಂಟಿಗೆ ಬರುವ ನಾಳ ಅಗಲವಾಗಿ ಒಳಗಿನ ಒತ್ತಡ ಏರುತ್ತದೆ. ದೊಡ್ಡ ಪಂಪು ಕೂರಿಸಿದರೆ ಮೊದಲು ಜೆಟ್‌ಗಳು ಜೋರಾಗಿಯೇ ತಿರುಗುತ್ತವೆ, ಎಲ್ಲ ಸರಿಯಾಗಿದೆ ಎಂದೇ ಅನಿಸುತ್ತದೆ. ಆಮೇಲೆ ಪೈಪಿನ ಜಾಯಿಂಟುಗಳು ಸೋರಲು ಶುರುವಾಗುತ್ತವೆ. ಮೂತ್ರಪಿಂಡದಲ್ಲಿ ಆ ಸೋರಿಕೆಯೇ ಆಲ್ಬುಮಿನ್. ಸೋರಿದ ಗಂಟುಗಳು ಒಂದೊಂದಾಗಿ ಗಾಯಗಟ್ಟಿ ಮುಚ್ಚುತ್ತವೆ, ಉಳಿದವುಗಳ ಮೇಲೆ ಇನ್ನಷ್ಟು ಒತ್ತಡ ಬೀಳುತ್ತದೆ. ಅಮೆರಿಕದ ಬ್ಯಾರಿ ಬ್ರೆನ್ನರ್ 1980ರ ದಶಕದಲ್ಲಿ ವಿವರಿಸಿದ್ದು ಇದನ್ನೇ. ಹೊಟ್ಟೆಯೊಳಗಿನ ಕೊಬ್ಬು ಇದಕ್ಕೆ ಮೂರು ಕಡೆಯಿಂದ ತಳ್ಳು ಕೊಡುತ್ತದೆ. ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತದೆ, ಉಪ್ಪನ್ನು ಹಿಡಿದಿಡುವ ವ್ಯವಸ್ಥೆಯನ್ನು ಕೆರಳಿಸುತ್ತದೆ, ಮೂತ್ರಪಿಂಡವನ್ನು ಹೊರಗಿನಿಂದಲೂ ಒತ್ತುತ್ತದೆ.

1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್, ಇನ್ಸುಲಿನ್‌ಗೆ ದೇಹ ಓಗೊಡದಿರುವುದು, ಸಕ್ಕರೆ, ರಕ್ತದೊತ್ತಡ, ರಕ್ತದ ಕೊಬ್ಬು ಇವೆಲ್ಲ ಒಟ್ಟೊಟ್ಟಿಗೆ ಬರುತ್ತವೆ ಎಂದು ಹೇಳಿದ. ಅವುಗಳಿಗೆ ಒಂದು ಹೆಸರನ್ನೂ ಕೊಟ್ಟ. ಕೊನೆಗೆ 2023ರಲ್ಲಿ ಅಮೆರಿಕದ ಹೃದಯ ಸಂಘ ಬೊಜ್ಜು, ಮಧುಮೇಹ, ಮೂತ್ರಪಿಂಡ, ಹೃದಯ ಎಲ್ಲವನ್ನೂ ಸೇರಿಸಿ ಒಂದೇ ರೋಗಲಕ್ಷಣಗಳ ಗುಂಪು ಎಂದು ಕರೆದು, ಅದಕ್ಕೆ ಹಂತಗಳನ್ನು ಗುರುತಿಸಿತು. ಮೊದಲ ಹಂತ ಯಾವುದು ಗೊತ್ತೇ? ಹೊಟ್ಟೆ. ನಾವು ಫೈಲು ಮಾಡದೆ ಬಿಟ್ಟದ್ದು.

ಆದರೆ ನಮ್ಮ ಕಡೆಯ ಹೊಟ್ಟೆ ಅಮೆರಿಕದ ಹೊಟ್ಟೆಯಂತಲ್ಲ. ದೊಡ್ಡಪ್ಪನ ಕೈಕಾಲು ಯಾವಾಗಲೂ ಸಪೂರವೇ ಇದ್ದವು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ಒಂದು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ದೇಹದ ಕೊಬ್ಬು ಯುಡ್ಕಿನ್ನರದು 9.1 ಶೇಕಡಾ, ಯಾಜ್ಞಿಕರದು 21.2 ಶೇಕಡಾ. ನಮ್ಮಲ್ಲಿ ತೆಳ್ಳಗೆ ಕಾಣುವವರೊಳಗೂ ಕೊಬ್ಬು ಅಡಗಿರುತ್ತದೆ ಎಂದು ಅವರು ತೋರಿಸಿದ್ದು ಹೀಗೆ. ಅದಕ್ಕೇ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯನ್ನೇ ಎಚ್ಚರಿಕೆಯ ಗೆರೆಯೆಂದು ಇಟ್ಟಿರುವುದು.

ಇದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ ಎನ್ನುವುದಕ್ಕೆ ನಮ್ಮದೇ ರಾಜ್ಯದ ಒಂದು ದಾಖಲೆಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ಮೈಸೂರಿನವರ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಆಗ ಹುಟ್ಟಿ ಮೈಸೂರಿನಲ್ಲೇ ಇದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿದರು. ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಮಧುಮೇಹ ಹೆಚ್ಚಿದ್ದದ್ದು ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ. ಹೆರಿಗೆ ಕೋಣೆಯಲ್ಲಿ ದಾದಿಯೊಬ್ಬರು ಬರೆದ ಅಂಕಿ ಐವತ್ತು ವರ್ಷದ ನಂತರದ ಕಾಯಿಲೆಯ ಕಥೆ ಹೇಳಿತು. ಹುಟ್ಟುವಾಗ ತೂಕ ಕಡಿಮೆಯಿದ್ದರೆ ಮೂತ್ರಪಿಂಡದ ಸೋಸುಗಂಟುಗಳೂ ಕಡಿಮೆ ಇರುತ್ತವೆ, ಮುಂದೆ ರಕ್ತದೊತ್ತಡಕ್ಕೆ ಅದೂ ಕಾರಣವಾಗಬಹುದು ಎಂಬುದು ಬ್ರೆನ್ನರನ ಇನ್ನೊಂದು ವಾದ.

ಹಾಗೆ ಹುಟ್ಟಿದ ದೇಹಗಳು ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಎಂಥ ಬದಲಾವಣೆಯನ್ನು ಎದುರಿಸಿದವು? ದೊಡ್ಡಪ್ಪನ ಬಾಲ್ಯದಲ್ಲಿ ಮನೆಯ ಮುಂದೆ ಬೈಲುಗದ್ದೆಗಳಿದ್ದವು. ತೋಟಕ್ಕೆ ಏತದ ನೀರು, ಹೆಂಗಸರಿಗೆ ಕಡೆಯುವ ಕಲ್ಲು ಮತ್ತು ಒನಕೆ, ಕುಕ್ಕೆಯ ಷಷ್ಠಿಗೆ ಕಾಲ್ನಡಿಗೆ. 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಅಡಿಕೆಗೆ ಮಾರುಕಟ್ಟೆಯ ಭರವಸೆ ಕೊಟ್ಟಿತು. ಗದ್ದೆಗಳು ತೋಟಗಳಾದವು, ಗುಡ್ಡಗಳು ರಬ್ಬರಾದವು. ಪಂಪು, ಮಿಕ್ಸಿ, ಬೈಕು, ಜೀಪು ಬಂದವು. ಇದರಲ್ಲಿ ಯಾವುದನ್ನೂ ನಾನು ದೂರುವುದಿಲ್ಲ. ಕಡೆಯುವ ಕಲ್ಲಿನ ಮುಂದೆ ಸೊಂಟ ಸೋತ ನನ್ನ ಅಜ್ಜಿಗೆ ಮಿಕ್ಸಿ ಬಿಡುಗಡೆಯೇ ಆಗಿತ್ತು. ಹಸಿವು ಕಂಡ ಮನೆಗಳು ಹೊಟ್ಟೆ ತುಂಬಾ ಉಂಡವು. ಆದರೆ ದುಡಿಮೆ ಒಂದೇ ತಲೆಮಾರಿನಲ್ಲಿ ಇಳಿದರೂ ಬಟ್ಟಲು ಇಳಿಯಲಿಲ್ಲ. ಉಳುವವನ ಅಳತೆಯ ಕುಚ್ಚಲಕ್ಕಿ ಅನ್ನ, ಬೆವರುವವನ ಅಳತೆಯ ಉಪ್ಪು ಹಾಗೇ ಉಳಿದವು. ನೀರು ಮಾವಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು, ಹಪ್ಪಳ ಇವೆಲ್ಲ ಮಳೆಗಾಲ ಕಳೆಯಲು ಕಂಡುಕೊಂಡ ಜಾಣತನ. ಅದರ ಮೇಲೆ ಪೇಟೆಯ ಪರೋಟ, ಗೋಳಿಬಜೆ, ದಿನಕ್ಕೆ ಐದು ಸಲ ಸಕ್ಕರೆ ಚಹಾ ಸೇರಿದವು.

ಅಡಿಕೆಯ ಬಗ್ಗೆಯೂ ಹೇಳದಿದ್ದರೆ ತಪ್ಪಾಗುತ್ತದೆ. 1994ರಲ್ಲಿ ಲಂಡನ್ನಿನ ಬಾರ್ಬರಾ ಬೌಚರ್ ಮತ್ತು ಸಂಗಡಿಗರು ಇಲಿಗಳಿಗೆ ಅಡಿಕೆ ತಿನ್ನಿಸಿದಾಗ ಕೆಲವಕ್ಕೆ ಸಕ್ಕರೆಯ ತೊಂದರೆ ಬಂತು, ಅವುಗಳ ಮರಿಗಳಲ್ಲೂ ಕಾಣಿಸಿತು. ಅಡಿಕೆ ಜಗಿಯುವ ಮನುಷ್ಯರಲ್ಲೂ ಇಂಥ ನಂಟನ್ನು ತೈವಾನಿನ ಅಧ್ಯಯನಗಳು ಹೇಳಿವೆ. ನಂಟು ಇದ್ದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ. ಆದರೆ ನಮ್ಮನ್ನು ಓದಿಸಿದ, ಸಾಕಿದ ಬೆಳೆಯ ಬಗ್ಗೆ ಈ ಪ್ರಶ್ನೆಯನ್ನು ನಾವು ಕೇಳಲೂ ಹಿಂಜರಿಯುತ್ತೇವೆ. ದೊಡ್ಡಪ್ಪ ಮಾತ್ರ ಇದನ್ನು ಕೇಳಿ ನಕ್ಕು, ಚೀಲದಿಂದ ಎಲೆಯಡಿಕೆಯ ಸಂಚಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಮದ್ದಿನ ಕಥೆಯಲ್ಲಿ ಅವರಿಗೆ ಇಷ್ಟವಾದದ್ದು ಹಾವಿನದ್ದು. ಬ್ರೆಜಿಲಿನ ಜರರಾಕ ಎಂಬ ಮಂಡಲದ ಜಾತಿಯ ಹಾವಿನ ವಿಷವನ್ನು 1960ರ ದಶಕದಲ್ಲಿ ಅಲ್ಲಿನ ಸೆರ್ಜಿಯೊ ಫೆರೇರಾ ಪರೀಕ್ಷಿಸುತ್ತಿದ್ದ. ಆ ಜಾಡು ಹಿಡಿದು ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆ ತಯಾರಾಯಿತು. ಮಧುಮೇಹಿಗಳ ಮೂತ್ರಪಿಂಡ ಕೆಡುವುದನ್ನು ಅದು ನಿಧಾನಿಸುತ್ತದೆ ಎಂದು 1993ರಲ್ಲಿ ಸಾಬೀತಾಯಿತು. "ಸುಬ್ರಹ್ಮಣ್ಯನ ಸೀಮೆಯವರಿಗೆ ಹಾವಿನ ಮದ್ದು!" ಎಂದು ದೊಡ್ಡಪ್ಪ ಪಕ್ಕದ ಮಂಚದವರಿಗೆಲ್ಲ ಹೇಳಿದರು. ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಫ್ಲೊರಿಜಿನ್ ಎಂಬ ವಸ್ತುವಿನ ಜಾಡಿನಿಂದ, ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವ ಇನ್ನೊಂದು ಗುಂಪಿನ ಮಾತ್ರೆಗಳು ಬಂದಿವೆ. ಅವೂ ಮೂತ್ರಪಿಂಡವನ್ನು ಕಾಯುತ್ತವೆ ಎಂದು 2019ರ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಸರಿಯಾದ ಹಂತದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟರೆ ಮಾತ್ರ.

ಗಿಡದಿಂದ ಬಂದದ್ದೆಲ್ಲ ಒಳ್ಳೆಯದೂ ಅಲ್ಲ. ಕೊಬ್ಬು ಇಳಿಯುತ್ತದೆಂದು ಬಿಂಬುಳಿಯ ರಸ ಕುಡಿಯುವುದು ನಮ್ಮ ಕಡೆಯೂ ಉಂಟು. ಹಾಗೆ ರಸ ಕುಡಿದು ಮೂತ್ರಪಿಂಡ ಒಮ್ಮೆಲೇ ಕೆಟ್ಟ 10 ಜನರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ಬರೆದಿದ್ದಾರೆ. ಅದರಲ್ಲಿನ ಆಕ್ಸಲೇಟ್ ಹರಳುಗಟ್ಟಿ ಸೋಸುವ ದಾರಿಯನ್ನು ಕಟ್ಟುತ್ತದೆ. ತೋಟದ ಕೆಲಸ ಮಾಡಿ ಮೈಕೈ ನೋವೆಂದು ದಿನಾ ನುಂಗುವ ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಭಾರವೇ. ದೊಡ್ಡಪ್ಪನಿಗೆ ಕೊನೆಗೆ ಬೊಂಡವೂ ನಿಷಿದ್ಧವಾಯಿತು. ಕೆಟ್ಟ ಮೂತ್ರಪಿಂಡಕ್ಕೆ ಅದರ ಪೊಟ್ಯಾಸಿಯಂ ಹೊರಹಾಕಲು ಆಗುವುದಿಲ್ಲ, ಏರಿದರೆ ಹೃದಯ ನಿಲ್ಲಬಹುದು. ಇಪ್ಪತ್ತೈದು ತೆಂಗಿನ ಮರ ನೆಟ್ಟು ಬೆಳೆಸಿದವರು ಅಂಗಳದಲ್ಲಿ ಕೂತು ಬಂದ ನೆಂಟರಿಗೆ ಬೊಂಡ ಕೆತ್ತಿ ಕೊಡುತ್ತಿದ್ದರು, ತಾವು ಅಳೆದ ನೀರು ಕುಡಿಯುತ್ತಿದ್ದರು.

ಅವರ ಎರಡನೇ ಪ್ರಶ್ನೆಗೆ, ಯಾಕೆ ಯಾರೂ ಹೇಳಲಿಲ್ಲ ಎನ್ನುವುದಕ್ಕೆ, ಉತ್ತರ ಫೈಲುಗಳಲ್ಲೇ ಇತ್ತು. ಒಂದು ರಾತ್ರಿ ಮೂರನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಓದಿದೆ. ಹನ್ನೊಂದು ವರ್ಷಗಳಲ್ಲಿ ರಕ್ತದ ಸಕ್ಕರೆಯನ್ನು ನಲವತ್ತಕ್ಕಿಂತ ಹೆಚ್ಚು ಸಲ ನೋಡಿದ್ದರು. ಮೂತ್ರದ ಆಲ್ಬುಮಿನ್ ಪರೀಕ್ಷೆ ಮೊದಲ ಬಾರಿ ಆದದ್ದು ಕಾಲು ಬಾತ ಮೇಲೆ. ಬ್ರೈಟ್ ಚಮಚ ಮತ್ತು ಮೇಣದಬತ್ತಿಯಲ್ಲಿ ಮಾಡಿದ್ದನ್ನು ನಾವು ಮಾಡಿರಲಿಲ್ಲ. ಯಾರೋ ಒಬ್ಬರ ತಪ್ಪು ಎಂದು ಹೇಳಲು ನನಗೆ ಆಗುವುದಿಲ್ಲ. ಬರೆದುಕೊಟ್ಟ ಪರೀಕ್ಷೆಯನ್ನು 'ಇನ್ನೊಮ್ಮೆ ನೋಡುವ' ಎಂದು ದೊಡ್ಡಪ್ಪನೂ ಬಿಟ್ಟದ್ದುಂಟು. ಮೂತ್ರಪಿಂಡ ಬಹುಪಾಲು ಕೆಡುವವರೆಗೂ ನೋವು ಕೊಡುವುದಿಲ್ಲ, ನೋವಿಲ್ಲದ್ದಕ್ಕೆ ಬಸ್ಸು ಹತ್ತುವವರು ಕಡಿಮೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ವಯಸ್ಕರಲ್ಲಿ 35.5 ಶೇಕಡಾ ಜನರಿಗೆ ರಕ್ತದೊತ್ತಡ, 39.5 ಶೇಕಡಾ ಜನರಿಗೆ ಹೊಟ್ಟೆಯ ಬೊಜ್ಜು. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಘೋಷಣೆಯಾಯಿತು. ಅಗತ್ಯವೇ. ಆದರೆ ಮಂಚಗಳು ಹೆಚ್ಚಿದಷ್ಟೂ ಸಾಲು ಉದ್ದವಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ದೊಡ್ಡಪ್ಪ ಹೋಗಿ ಎರಡು ಮಳೆಗಾಲವಾಯಿತು. ಕೊನೆಯ ದಿನಗಳಲ್ಲಿ ಅವರು ಒಂದು ಕೆಲಸ ಮಾಡಿಸಿದ್ದರು. ಮಗ, ಇಬ್ಬರು ಸೊಸೆಯಂದಿರು, ತಮ್ಮಂದಿರು, ನಾನು, ಹೀಗೆ ಮನೆಯ ಒಂಬತ್ತು ಮಂದಿಯನ್ನು ಒಂದೇ ದಿನ ಜೀಪಿನಲ್ಲಿ ಕೂರಿಸಿ ಪರೀಕ್ಷೆಗೆ ಕಳಿಸಿದರು. ಬಿಪಿ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್. ಸೊಂಟದ ಸುತ್ತಳತೆಯನ್ನು ದೊಡ್ಡಮ್ಮ ಹೊಲಿಗೆಯ ಟೇಪಿನಲ್ಲಿ ಮನೆಯಲ್ಲೇ ಅಳೆದರು. ಇಬ್ಬರ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿತ್ತು. ಅವರಲ್ಲಿ ಒಬ್ಬ ದೊಡ್ಡಪ್ಪನ ಮಗ, ಮೂವತ್ತೆಂಟು ವರ್ಷ. ಅವನಿಗೆ ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಉಪ್ಪು ಕಡಿಮೆ ಮಾಡಿದ್ದಾನೆ, ಬೈಕು ಬಿಟ್ಟು ತೋಟದ ಕೆಳಗಿನ ಹೊಳೆಯವರೆಗೆ ದಿನಾ ನಡೆದು ಬರುತ್ತಾನೆ. ಕಳೆದ ಪರೀಕ್ಷೆಯಲ್ಲಿ ಸೋರಿಕೆ ಅರ್ಧಕ್ಕೆ ಇಳಿದಿತ್ತು. ಆ ಚೀಟಿಯನ್ನು ಅವನು ಹೊಸ ಫೈಲಿನಲ್ಲಿ ಇಟ್ಟಿದ್ದಾನೆ. ಅವನಿಗಿರುವುದು ಆ ಒಂದೇ ಫೈಲು.